ಗಾಡಿ ತುಂಬಿತು ಅಂದ್ರೆ ಏನು?

ಘನಫಲದ ಪಾಠ ಆದ ಮೇಲೆ ನಾನು ಟಾಟಾ ಏಸ್ ಗಾಡಿಯ ಲೆಕ್ಕ ಹಾಕಿದೆ. ಈ ಪುಟ್ಟ ಗಾಡಿ 2005ರಲ್ಲಿ ಬಂತು. ಹಿಂದಿಯಲ್ಲಿ ಇದಕ್ಕೆ ‘ಛೋಟಾ ಹಾಥಿ’, ಅಂದರೆ ಪುಟ್ಟ ಆನೆ ಅಂತಾರೆ.

ಮೊದಲ ಮಾದರಿಯ ಸಾಮಾನು ಹಾಕೋ ಜಾಗ ಸುಮಾರು 7 ಅಡಿ ಉದ್ದ, 5 ಅಡಿ ಅಗಲ, 1 ಅಡಿ ಎತ್ತರ.
7 × 5 × 1 = 35 ಘನ ಅಡಿ.
ಹೊರುವ ಭಾರ 750 ಕಿಲೋ.

ಸಿಮೆಂಟ್ ಮೂಟೆ 50 ಕಿಲೋ. 750 ÷ 50 = 15 ಮೂಟೆ. ಮೂಟೆಗೆ ಒಂದೂಕಾಲು ಘನ ಅಡಿ ಹಿಡಿದರೆ ಸುಮಾರು 19 ಘನ ಅಡಿ ಆಯ್ತು. ಜಾಗ ಇನ್ನೂ ಇದೆ, ಆದರೆ ಭಾರ ಮುಗೀತು!

ಒಣ ಮರಳು ಘನ ಅಡಿಗೆ ಸುಮಾರು 45 ಕಿಲೋ. ಅಂಚಿನ ಮಟ್ಟಕ್ಕೆ ತುಂಬಿದರೆ 35 × 45 = 1575 ಕಿಲೋ. ಮಿತಿಯ ಎರಡರಷ್ಟು! ಒಣಹುಲ್ಲಾದರೆ ಜಾಗವೇ ಮೊದಲು ಮುಗಿಯುತ್ತೆ.

ಭಾರ ಹೆಚ್ಚಾದರೆ ಬ್ರೇಕ್ ಹಾಕಿದರೂ ಗಾಡಿ ಬೇಗ ನಿಲ್ಲಲ್ಲ. ಇಳಿಜಾರಿನಲ್ಲಿ ಜೀವಕ್ಕೇ ಅಪಾಯ. ಟೈರು ಬಿಸಿಯಾಗಿ ಸಿಡಿಯಲೂಬಹುದು. ಆದ್ದರಿಂದ ಜಾಗ ನೋಡಿ ತುಂಬಬಾರದು, ತೂಕ ನೋಡಿ ತುಂಬಬೇಕು.

ನಿಮಗೊಂದು ಲೆಕ್ಕ: ಈ ಗಾಡಿಗೆ 80 ಕಿಲೋ ತೂಕದ ರಾಗಿ ಮೂಟೆ ಎಷ್ಟು ಹಾಕಬಹುದು? ಉತ್ತರ ಬರೆದು ಇದರ ಕೆಳಗೆ ಅಂಟಿಸಿ.