ಊದಿ ಸಿಕ್ಕಿಬಿದ್ದ ಮೇಲೆ ಮತ್ತೆ ಸ್ಟೀರಿಂಗ್ ಹಿಡಿಯುವ ದಾರಿ

ಸಾಗರದಿಂದ ಶಿವಮೊಗ್ಗಕ್ಕೆ ಹೊರಡುವ ಬೆಳಗಿನ ಬಸ್ಸಿರಲಿ, ಹೊಸನಗರದ ಕಡೆಯಿಂದ ಹುಲಿಕಲ್ ಘಾಟಿ ಇಳಿಯುವ ಲಾರಿಯಿರಲಿ, ತೀರ್ಥಹಳ್ಳಿಯಿಂದ ಆಗುಂಬೆಗೆ ಪ್ರವಾಸಿಗರನ್ನು ಕರೆದೊಯ್ಯುವ ಟೆಂಪೊ ಟ್ರಾವೆಲರ್ ಇರಲಿ, ಪೊಲೀಸರು ಊದಿಸಿದಾಗ ಚಾಲಕ ಸಿಕ್ಕಿಬಿದ್ದರೆ ಸ್ಟ್ಯಾಂಡಿನಲ್ಲಿ ಎಲ್ಲರೂ ಕೇಳುವುದು ಒಂದೇ: ‘ದಂಡ ಎಷ್ಟಾಯ್ತು?’ ನಿಜಕ್ಕೂ ದಂಡವೇ ಇದರಲ್ಲಿ ಸಣ್ಣ ಬಾಬತ್ತು. ದಂಡ ಕಟ್ಟಿದ ಮರುದಿನವೇ ಸೀಟು ಹತ್ತುವವರು ಬಹಳ. ಲೈಸೆನ್ಸ್ ಕಚೇರಿ, ವೈದ್ಯರು, ಮಾಲೀಕರು ಎಂಬ ಇನ್ನೂ ಮೂರು ಕಡೆಯ ಕೆಲಸ ಬಾಕಿ ಇರುತ್ತದೆ ಎನ್ನುವುದು ಅವರಿಗೆ ತಿಳಿಯುವುದು ಎರಡನೇ ಸಲ ಸಿಕ್ಕಾಗ.

ರಸ್ತೆಯಲ್ಲೇ ನೋಡಿಕೊಳ್ಳಬೇಕಾದ್ದು

ಮೋಟಾರು ವಾಹನ ಕಾಯ್ದೆಯ 185ನೇ ಕಲಮಿನ ಮಿತಿ 100 ಮಿಲಿಲೀಟರ್ ರಕ್ತಕ್ಕೆ 30 ಮಿಲಿಗ್ರಾಂ ಆಲ್ಕೋಹಾಲ್. ಯಂತ್ರ ತೋರಿಸಿದ ಅಂಕಿ, ಸಮಯ, ನಿಮ್ಮ ಹೆಸರು, ಗಾಡಿ ನಂಬರು ಚೀಟಿಯಲ್ಲಿ ಸರಿಯಾಗಿವೆಯೇ ನೋಡಿ, ಫೋಟೊ ತೆಗೆದಿಟ್ಟುಕೊಳ್ಳಿ. ಆಗಷ್ಟೇ ಅರಿಷ್ಟ ಅಥವಾ ಕೆಮ್ಮಿನ ಸಿರಪ್ ಕುಡಿದಿದ್ದರೆ ಅದನ್ನು ಹೇಳಿ, ಬಾಯಿ ಮುಕ್ಕಳಿಸಿ, 15 ನಿಮಿಷ ಬಿಟ್ಟು ಮತ್ತೊಮ್ಮೆ ಊದಲು ಅವಕಾಶ ಕೇಳಿ. ಬಾಯಲ್ಲಿ ಉಳಿದ ಆಲ್ಕೋಹಾಲ್ ಅಷ್ಟರಲ್ಲಿ ಹೋಗುತ್ತದೆ, ರಕ್ತದಲ್ಲಿರುವುದು ಹೋಗುವುದಿಲ್ಲ. ಊದುವುದೇ ಇಲ್ಲ ಎಂದು ಹಟ ಹಿಡಿದರೆ ಆ ನಿರಾಕರಣೆಯನ್ನೇ ನಿಮ್ಮ ವಿರುದ್ಧ ಸಾಕ್ಷ್ಯವಾಗಿ ಬಳಸಬಹುದು. ಠಾಣೆಗೆ ಕರೆದೊಯ್ದು ವೈದ್ಯರಿಂದ ರಕ್ತದ ಮಾದರಿ ತೆಗೆಸಲೂ ಕಾನೂನಿನಲ್ಲಿ ಅವಕಾಶವಿದೆ.

‘ರಾತ್ರಿ ಕುಡಿದಿದ್ದು ಸಾರ್, ಈಗಲ್ಲ’ ಎನ್ನುವ ಮಾತು ಎಷ್ಟೋ ಸಲ ಸತ್ಯವೇ. ಆದರೂ ಉಪಯೋಗವಿಲ್ಲ. ಲೆಕ್ಕ ಹಾಕಿ ನೋಡಿ. 180 ಮಿಲಿಲೀಟರಿನ ಒಂದು ಕ್ವಾರ್ಟರ್ ವಿಸ್ಕಿಯಲ್ಲಿ ಸುಮಾರು 60 ಗ್ರಾಂ ಆಲ್ಕೋಹಾಲ್ ಇರುತ್ತದೆ. 65 ಕಿಲೊ ತೂಕದ ಗಂಡಸಿನ ರಕ್ತದಲ್ಲಿ ಅದು ಹೆಚ್ಚುಕಡಿಮೆ 135 ಮಿಲಿಗ್ರಾಂ ತಲುಪಬಹುದು. ದೇಹ ಅದನ್ನು ಇಳಿಸುವುದು ಗಂಟೆಗೆ ಸುಮಾರು 15ರಂತೆ. ರಾತ್ರಿ ಹತ್ತಕ್ಕೆ ಕ್ವಾರ್ಟರ್ ಮುಗಿಸಿ ಬೆಳಗಿನ ಐದಕ್ಕೆ ಸ್ಟೀರಿಂಗ್ ಹಿಡಿದರೆ ಇನ್ನೂ 30ರ ಆಸುಪಾಸು. ಎರಡು ಕ್ವಾರ್ಟರ್ ಆಗಿದ್ದರೆ ಮಧ್ಯಾಹ್ನದ ಊಟದ ಹೊತ್ತಿಗೂ ಮಿತಿಗಿಂತ ಮೇಲೆ. ತಣ್ಣೀರು ಸ್ನಾನ, ಸ್ಟ್ರಾಂಗ್ ಕಾಫಿ, ಎಲೆಅಡಿಕೆ ಯಾವುದೂ ಈ ಲೆಕ್ಕವನ್ನು ಬದಲಿಸುವುದಿಲ್ಲ.

ಕೈಗೆ ಕೊಟ್ಟ ಚೀಟಿ ಲೈಸೆನ್ಸ್ ಅಲ್ಲ

185ರ ಅಡಿ ಸಿಕ್ಕವರ ಲೈಸೆನ್ಸನ್ನು ಪೊಲೀಸರು ವಶಕ್ಕೆ ಪಡೆದು ಸಾರಿಗೆ ಕಚೇರಿಗೆ ಕಳಿಸಬೇಕೆಂದು 2019ರ ತಿದ್ದುಪಡಿ ಹೇಳುತ್ತದೆ. ಬದಲಿಗೆ ಒಂದು ಸ್ವೀಕೃತಿ ಚೀಟಿ ಕೊಡುತ್ತಾರೆ. ಹಲವರು ಅದನ್ನು ಜೇಬಲ್ಲಿಟ್ಟುಕೊಂಡು ‘ರಸೀದಿ ಇದೆ’ ಎಂದು ಗಾಡಿ ಓಡಿಸುತ್ತಾರೆ. ಲೈಸೆನ್ಸ್ ವಾಪಸ್ ಬರುವವರೆಗೆ ಆ ಚೀಟಿಯ ಬಲದ ಮೇಲೆ ಗಾಡಿ ಓಡಿಸುವಂತಿಲ್ಲ ಎಂದು ಅದೇ ತಿದ್ದುಪಡಿ ಸ್ಪಷ್ಟವಾಗಿ ಹೇಳಿದೆ. ಅನರ್ಹತೆಯ ಆದೇಶವಾದ ಮೇಲೂ ಓಡಿಸಿದರೆ ಅದು ಬೇರೆಯೇ ಅಪರಾಧ: ಮೂರು ತಿಂಗಳವರೆಗೆ ಜೈಲು, ಇಲ್ಲವೇ 10,000 ರೂಪಾಯಿ ದಂಡ, ಇಲ್ಲವೇ ಎರಡೂ. ಆ ಅವಧಿಯಲ್ಲಿ ಅಪಘಾತವಾದರೆ ವಿಮಾ ಕಂಪನಿ ಮಾಲೀಕರ ಮೇಲೆ ವಸೂಲಿಗೆ ಬರಬಹುದು. ಮಾಲೀಕರೂ ಇದನ್ನು ತಿಳಿದಿರಬೇಕು.

ಕೋರ್ಟು

ಇದು ಸ್ಥಳದಲ್ಲೇ ದಂಡ ಕಟ್ಟಿ ಮುಗಿಸುವ ಕೇಸಲ್ಲ. ಮೊದಲ ಸಲವಾದರೆ ಆರು ತಿಂಗಳವರೆಗೆ ಜೈಲು ಅಥವಾ 10,000 ರೂಪಾಯಿ ದಂಡ, ಅಥವಾ ಎರಡೂ. ಮರುಕಳಿಸಿದರೆ ಎರಡು ವರ್ಷದವರೆಗೆ ಜೈಲು ಅಥವಾ 15,000 ರೂಪಾಯಿ ದಂಡ, ಅಥವಾ ಎರಡೂ. ತಪ್ಪೊಪ್ಪಿಕೊಂಡರೆ ಒಂದೇ ದಿನದಲ್ಲಿ ಮುಗಿಯುತ್ತದೆ ನಿಜ, ಆದರೆ ದಾಖಲೆಯಲ್ಲಿ ಅದು ಉಳಿಯುತ್ತದೆ. ಯಂತ್ರದ ಅಂಕಿಯ ಬಗ್ಗೆ ನಿಜವಾಗಿ ತಕರಾರಿದ್ದರೆ ಮಾತ್ರ ವಾದ ಮಾಡಿ. ವಕೀಲರಿಗೆ ದುಡ್ಡಿಲ್ಲದಿದ್ದರೆ ತಾಲ್ಲೂಕು ಕಾನೂನು ಸೇವಾ ಸಮಿತಿಯನ್ನು ಕೇಳಿ. ಉಚಿತ ಸಹಾಯವಾಣಿ 15100. ದಂಡದ ರಸೀದಿಯನ್ನು ಜೋಪಾನವಾಗಿಡಿ.

ಸಾರಿಗೆ ಕಚೇರಿ

ಡಿಎಲ್ ನಂಬರು ಕೆಎ-15 ಎಂದು ಶುರುವಾದರೆ ಸಾಗರದ ಕಚೇರಿ, ಕೆಎ-14 ಆದರೆ ಶಿವಮೊಗ್ಗ. ಅಲ್ಲಿಂದ ನೋಟಿಸ್ ಬರುತ್ತದೆ. ಲೈಸೆನ್ಸಿನಲ್ಲಿರುವುದು ಹಳೆಯ ಮನೆಯ ವಿಳಾಸವಾದರೆ ನೋಟಿಸ್ ನಿಮ್ಮ ಕೈಗೆ ಸಿಗುವುದೇ ಇಲ್ಲ, ಆದೇಶ ಮಾತ್ರ ಆಗಿರುತ್ತದೆ. ಹಾಗಾಗಿ ಕಾಯುತ್ತ ಕೂರದೆ ನೀವೇ ಹೋಗಿ ವಿಚಾರಿಸಿ. ನಿಮ್ಮ ಮಾತು ಕೇಳದೆ ಆದೇಶ ಮಾಡುವಂತಿಲ್ಲ, ಆ ಅವಕಾಶ ಬಳಸಿಕೊಳ್ಳಿ. ಮೊದಲ ತಪ್ಪಿಗೆ ಮೂರು ತಿಂಗಳ ಅನರ್ಹತೆ, ಎರಡನೆಯದಕ್ಕೆ ಲೈಸೆನ್ಸೇ ರದ್ದು. ಆದೇಶ ಒಪ್ಪಿಗೆಯಾಗದಿದ್ದರೆ ಅದು ಕೈಗೆ ಬಂದ 30 ದಿನದೊಳಗೆ ಮೇಲ್ಮನವಿ ಹಾಕಬೇಕು.

ಮೂರು ತಿಂಗಳು ಕಳೆದ ಮಾತ್ರಕ್ಕೆ ಲೈಸೆನ್ಸ್ ತಾನಾಗಿ ವಾಪಸ್ ಬರುವುದಿಲ್ಲ. ಚಾಲಕರ ಪುನಶ್ಚೇತನ ತರಬೇತಿ ಮುಗಿಸಿದ ಮೇಲೆಯೇ ಹಿಂದಿರುಗಿಸಬೇಕು ಎಂಬುದು ನಿಯಮ. ತರಬೇತಿಗೆ ಯಾವ ಶಾಲೆಗೆ ಮಾನ್ಯತೆ ಇದೆ, ಪ್ರಮಾಣಪತ್ರ ಹೇಗಿರಬೇಕು ಎಂದು ಮೊದಲ ಭೇಟಿಯಲ್ಲೇ ಕೇಳಿ ಬರೆದುಕೊಳ್ಳಿ. ಕೊನೆಯ ವಾರ ಕೇಳಿದರೆ ಇನ್ನೊಂದು ತಿಂಗಳ ಸಂಬಳ ಹೋದಂತೆ.

ಆಸ್ಪತ್ರೆ: ಯಾರೂ ಕಳಿಸದಿದ್ದರೂ ಹೋಗಿ

ಕಾನೂನಿನಲ್ಲಿ ಬಿಟ್ಟುಹೋಗಿರುವುದು ಇದೇ. ಅಮೆರಿಕದಲ್ಲಿ ಲಾರಿ, ಬಸ್ ಚಾಲಕ ಪರೀಕ್ಷೆಯಲ್ಲಿ ಸಿಕ್ಕಿಬಿದ್ದರೆ ತಜ್ಞರು ಆತನನ್ನು ನೋಡಿ ಚಿಕಿತ್ಸೆ ಹೇಳಬೇಕು, ಮರುಪರೀಕ್ಷೆಯಲ್ಲಿ ಪಾಸಾಗಬೇಕು, ಕೆಲಸಕ್ಕೆ ಸೇರಿದ ಮೊದಲ 12 ತಿಂಗಳಲ್ಲಿ ಕನಿಷ್ಠ ಆರು ಬಾರಿ ಮುನ್ಸೂಚನೆ ಇಲ್ಲದೆ ಪರೀಕ್ಷೆ ಮಾಡಿಸಬೇಕು. ನಮ್ಮ ಕಾಯ್ದೆ ತರಬೇತಿ ಕೇಳುತ್ತದೆ, ಚಿಕಿತ್ಸೆ ಕೇಳುವುದಿಲ್ಲ. ಗೇರು ಬದಲಿಸುವುದು ಹೇಗೆಂದು ಇಪ್ಪತ್ತು ವರ್ಷ ಘಾಟಿ ಓಡಿಸಿದವನಿಗೆ ಮತ್ತೆ ಹೇಳಿಕೊಟ್ಟು ಏನು ಪ್ರಯೋಜನವೋ!

ಒಂದು ದಿನ ಮದುವೆಮನೆಯಲ್ಲಿ ಹೆಚ್ಚಾಗಿ ಸಿಕ್ಕಿಬಿದ್ದವರ ಮಾತು ಬೇರೆ. ಬೆಳಿಗ್ಗೆ ಎದ್ದಾಗ ಕೈ ನಡುಗುತ್ತಿದ್ದರೆ, ಒಂದು ಗುಟುಕು ಬಿದ್ದ ಮೇಲೆಯೇ ನಡುಕ ನಿಲ್ಲುತ್ತಿದ್ದರೆ ವೈದ್ಯರಿಲ್ಲದೆ ಕುಡಿತ ನಿಲ್ಲಿಸಬೇಡಿ. ದಿನವೂ ಕುಡಿಯುವವರು ದಿಢೀರನೆ ಬಿಟ್ಟಾಗ ಮೊದಲ ಎರಡು ದಿನದಲ್ಲಿ ಫಿಟ್ಸ್ ಬರಬಹುದು, ಮೂರನೇ ದಿನದ ಹೊತ್ತಿಗೆ ಭ್ರಮೆ, ಬಡಬಡಿಕೆ ಶುರುವಾಗಿ ಜೀವಕ್ಕೇ ಕುತ್ತಾಗಬಹುದು. ‘ಬಿಟ್ಟುಬಿಟ್ಟೆ ಧಣಿ’ ಎಂದು ಮರುದಿನ ಡ್ಯೂಟಿ ಹತ್ತುವವರಿಗೆ ಇರುವ ಅಪಾಯ ಇದು. ಚಿಕಿತ್ಸೆಯ ಮೊದಲ ದಿನಗಳಲ್ಲಿ ಕೊಡುವ ಮಾತ್ರೆಗಳು ನಿದ್ದೆ ತರಿಸುತ್ತವೆ. ‘ನಾನು ಡ್ರೈವರ್’ ಎಂದು ವೈದ್ಯರಿಗೆ ಮೊದಲೇ ಹೇಳಿ, ಗಾಡಿ ಯಾವಾಗ ಮುಟ್ಟಬಹುದು ಎಂದು ಕೇಳಿ, ಚೀಟಿಯಲ್ಲಿ ಬರೆಸಿಕೊಳ್ಳಿ. ಮನೆಯವರಿಗೆ ಒಂದು ಮಾತು: ಕುಡಿತ ಬಿಡಿಸುವ ಪುಡಿ, ಮಾತ್ರೆಗಳನ್ನು ಗೊತ್ತಾಗದಂತೆ ಸಾರಿಗೆ ಬೆರೆಸಬೇಡಿ. ಅದರ ಮೇಲೆ ಆತ ಕುಡಿದರೆ ರಕ್ತದೊತ್ತಡ ಕುಸಿದು ಪ್ರಾಣಾಪಾಯವಾದೀತು.

ಮನೋಚೈತನ್ಯ ಕಾರ್ಯಕ್ರಮದಡಿ ತಾಲ್ಲೂಕು ಆಸ್ಪತ್ರೆಗಳಿಗೆ ಮಂಗಳವಾರಗಳಂದು ಮನೋವೈದ್ಯರು ಬರುತ್ತಾರೆ. ನಿಮ್ಮ ಊರಿಗೆ ಯಾವ ಮಂಗಳವಾರ ಎಂದು ಆಸ್ಪತ್ರೆಯಲ್ಲಿ ಕೇಳಿ. ದಾಖಲಾಗಬೇಕಾದರೆ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆ. ಫೋನಿನಲ್ಲೇ ಮಾತಾಡಲು ಟೆಲಿ ಮಾನಸ್ 14416, ವ್ಯಸನಮುಕ್ತಿ ಸಹಾಯವಾಣಿ 14446. ಧರ್ಮಸ್ಥಳದ ಜನಜಾಗೃತಿ ವೇದಿಕೆಯ ಎಂಟು ದಿನಗಳ ಮದ್ಯವರ್ಜನ ಶಿಬಿರದಿಂದ ಬಂದು ಕುಡಿತ ಬಿಟ್ಟವರು ನಮ್ಮ ಕಡೆ ಸಾಕಷ್ಟಿದ್ದಾರೆ. ಹಿಂದೆ ಫಿಟ್ಸ್ ಬಂದವರು ಮಾತ್ರ ವೈದ್ಯರನ್ನು ಕಂಡೇ ಅಲ್ಲಿಗೆ ಹೋಗಲಿ.

ಗಾಂಜಾ ಆದರೆ

ಊದುವ ಯಂತ್ರಕ್ಕೆ ಗಾಂಜಾ ಗೊತ್ತಾಗುವುದಿಲ್ಲ. ರಕ್ತ, ಮೂತ್ರದ ಪರೀಕ್ಷೆಗೆ ಗೊತ್ತಾಗುತ್ತದೆ. ಅಪರೂಪಕ್ಕೆ ಸೇದಿದವರ ಮೂತ್ರದಲ್ಲಿ ಕೆಲವು ದಿನ, ದಿನವೂ ಸೇದುವವರಲ್ಲಿ ತಿಂಗಳ ತನಕವೂ ಅಂಶ ಉಳಿಯಬಹುದು. ಇಲ್ಲಿ ಸಾರಿಗೆ ಕಾಯ್ದೆಯ ಜತೆಗೆ 1985ರ ಎನ್‌ಡಿಪಿಎಸ್ ಕಾಯ್ದೆಯೂ ಬರುತ್ತದೆ. ಸೇವನೆಗೆ ಆರು ತಿಂಗಳವರೆಗೆ ಜೈಲು ಅಥವಾ 10,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಅದೇ ಕಾಯ್ದೆಯ 64ಎ ಕಲಮನ್ನು ವಕೀಲರ ಬಳಿ ತಪ್ಪದೆ ಕೇಳಿ: ವ್ಯಸನಿ ತಾನಾಗಿ ಸರ್ಕಾರಿ ಅಥವಾ ಸರ್ಕಾರದ ಮಾನ್ಯತೆಯ ಆಸ್ಪತ್ರೆಯಲ್ಲಿ ಚಿಕಿತ್ಸೆ ಪಡೆದರೆ ಸೇವನೆಯ ಕೇಸಿನಿಂದ ರಕ್ಷಣೆ ಇದೆ. ಅರ್ಧಕ್ಕೆ ಬಿಟ್ಟು ಬಂದರೆ ಆ ರಕ್ಷಣೆಯೂ ಹೋಗಬಹುದು.

ಮಾಲೀಕರ ಮುಂದೆ

ಕೆಎಸ್‌ಆರ್‌ಟಿಸಿ ನೌಕರರಾದರೆ ಅಮಾನತು, ಆರೋಪಪಟ್ಟಿ, ಇಲಾಖಾ ವಿಚಾರಣೆ ಇರುತ್ತದೆ. ಆರೋಪಪಟ್ಟಿಗೆ ಗಡುವಿನೊಳಗೆ ಲಿಖಿತ ಉತ್ತರ ಕೊಡಿ, ಚಿಕಿತ್ಸೆಯ ದಾಖಲೆ ಲಗತ್ತಿಸಿ. ಅಮಾನತಿನ ಕಾಲದಲ್ಲಿ ಜೀವನಾಧಾರ ಭತ್ಯೆ ಕೇಳುವ ಹಕ್ಕಿದೆ. ಖಾಸಗಿ ಬಸ್ಸು, ಲಾರಿಯಲ್ಲಿ ಎಲ್ಲ ಬಾಯಿಮಾತಿನ ಮೇಲೆಯೇ. ಅಲ್ಲಿ ನಾಲ್ಕು ಕಾಗದ ಹಿಡಿದು ಹೋಗಿ: ಕೋರ್ಟಿನ ರಸೀದಿ, ತರಬೇತಿ ಪ್ರಮಾಣಪತ್ರ, ವೈದ್ಯರ ಚೀಟಿ, ವಾಪಸ್ ಬಂದ ಲೈಸೆನ್ಸ್. ‘ಬೇಕಾದ ದಿನ ಬೆಳಿಗ್ಗೆ ಊದಿಸಿ ನೋಡಿ’ ಎಂದು ನೀವೇ ಬರೆದುಕೊಡಿ. ಅಷ್ಟು ಹೇಳುವ ಡ್ರೈವರನ್ನು ಬೇಡ ಎನ್ನುವ ಮಾಲೀಕರು ಕಡಿಮೆ, ಅದರಲ್ಲೂ ಅಡಿಕೆ ಕೊಯ್ಲಿನ ಕಾಲದಲ್ಲಿ. ಲೈಸೆನ್ಸ್ ಇಲ್ಲದ ತಿಂಗಳುಗಳಲ್ಲಿ ಗ್ಯಾರೇಜು, ಬುಕಿಂಗು, ಲೋಡಿಂಗ್ ಕೆಲಸ ಕೇಳಿ ನೋಡಿ. ‘ಲೋಕಲ್ ಅಲ್ವಾ, ಇಲ್ಲೇ ರಿಪ್ಪನ್‌ಪೇಟೆ ತನಕ’ ಎಂದು ಕೀಲಿ ಕೊಟ್ಟರೆ ಮಾತ್ರ ಬೇಡ ಎನ್ನಿ.

ಮಾಲೀಕರು ಸಾರಥಿ ಪೋರ್ಟಲ್‌ನಲ್ಲಿ ಡಿಎಲ್ ನಂಬರು, ಜನ್ಮದಿನಾಂಕ ಹಾಕಿ ಲೈಸೆನ್ಸ್ ಚಾಲ್ತಿಯಲ್ಲಿದೆಯೇ ಎಂದು ತಾವೇ ನೋಡಿಕೊಳ್ಳಬಹುದು. ಶಾಲಾ ವಾಹನದ ಆಸೆ ಮಾತ್ರ ಬಿಡುವುದೇ ಒಳ್ಳೆಯದು. ಸುಪ್ರೀಂ ಕೋರ್ಟಿನ 1997ರ ನಿರ್ದೇಶನಗಳನ್ನು ಅನುಸರಿಸುವ ಶಾಲೆಗಳು ಕುಡಿದು ಓಡಿಸಿ ಒಮ್ಮೆ ಸಿಕ್ಕಿಬಿದ್ದವರನ್ನೂ ತೆಗೆದುಕೊಳ್ಳುವುದಿಲ್ಲ.