ಎಂಜಿನಿನ ದಾಖಲೆಯೂ ಅದರ ತಿದ್ದುಪಡಿಯೂ

ಈಗಿನ ಮೋಟಾರು ಕಾರುಗಳಲ್ಲಿ ಎಂಜಿನಿನ ಆಡಳಿತವೆಲ್ಲವೂ ಒಂದು ಪುಟ್ಟ ಕಂಪ್ಯೂಟರಿಗೆ ಸೇರಿದುದು. ಒಳಕ್ಕೆ ಬರುವ ಗಾಳಿಯೆಷ್ಟು, ಎಂಜಿನು ನಿಮಿಷಕ್ಕೆ ಎಷ್ಟು ಸುತ್ತು ತಿರುಗುತ್ತಿದೆ, ತಂಪುನೀರಿನ ಉಷ್ಣತೆಯೆಷ್ಟು ಎಂಬುದನ್ನು ಸೆನ್ಸರುಗಳಿಂದ ಅರಿತು, ತನ್ನ ಸ್ಮೃತಿಯಲ್ಲಿರುವ ಕೋಷ್ಟಕಗಳನ್ನು ನೋಡಿ, ಎಷ್ಟು ಪೆಟ್ರೋಲನ್ನು ಸಿಂಪಡಿಸಬೇಕು, ಕಿಡಿಯನ್ನು ಯಾವ ಕ್ಷಣದಲ್ಲಿ ಹಾರಿಸಬೇಕು ಎಂಬುದನ್ನು ಅದು ನಿರ್ಧರಿಸುತ್ತದೆ. ಒಂದು ಗ್ರಾಂ ಪೆಟ್ರೋಲು ಪೂರ್ತಿಯಾಗಿ ಉರಿಯಲು ಸುಮಾರು 14.7 ಗ್ರಾಂ ಗಾಳಿ ಬೇಕು. ಹೊಗೆಕೊಳವೆಯಲ್ಲಿರುವ ಆಮ್ಲಜನಕದ ಸೆನ್ಸರು ಈ ಪ್ರಮಾಣ ತಪ್ಪಿದಾಗ ಕಂಪ್ಯೂಟರಿಗೆ ವರದಿ ಒಪ್ಪಿಸುತ್ತದೆ.

ಅಮೆರಿಕದಲ್ಲಿ 1996ನೆಯ ವರ್ಷದ ಮಾದರಿಗಳಿಂದ ಮೊದಲ್ಗೊಂಡು, ಈ ಅಂಕಿಗಳನ್ನು ಹೊರಗಿನವರೂ ಓದಲು ಅನುವಾಗುವಂತೆ, ಒಬಿಡಿ-2 ಎಂಬ ಏಕರೂಪದ ವ್ಯವಸ್ಥೆ ಕಡ್ಡಾಯವಾಯಿತು. ಅದರ 16 ಪಿನ್ನಿನ ಕಿಂಡಿಗೆ ಉಪಕರಣವೊಂದನ್ನು ಸಿಕ್ಕಿಸಿ ಅಂಕಿಗಳನ್ನು ಕಾಲಾನುಕ್ರಮವಾಗಿ ಬರೆದಿಡುವುದು ಲಾಗಿಂಗ್. ಕೋಷ್ಟಕದ ಅಂಕಿಗಳನ್ನೇ ಬದಲಿಸುವುದು ಟ್ಯೂನಿಂಗ್. ಎರಡನ್ನೂ ಒಂದೇ ಎಂದು ಬಗೆದವರು ಅನೇಕರಿದ್ದಾರೆ. ಈ ಭ್ರಮೆಗೆ ತೆರಬೇಕಾದ ಬೆಲೆ ಕೆಲವೊಮ್ಮೆ ಒಂದು ಎಂಜಿನು!

ಒಂದು ಉದಾಹರಣೆಯನ್ನು ತೆಗೆದುಕೊಳ್ಳೋಣ. ಕಾರು ನಿಂತಿದ್ದು ಎಂಜಿನು ಮೆಲ್ಲಗೆ ತಿರುಗುತ್ತಿರುವಾಗ, ಕೋಷ್ಟಕ ಹೇಳಿದುದಕ್ಕಿಂತ ನೂರಕ್ಕೆ 20ರಷ್ಟು ಹೆಚ್ಚು ಪೆಟ್ರೋಲನ್ನು ಕಂಪ್ಯೂಟರು ಕೊಡುತ್ತಿರುವುದಾಗಿ ದಾಖಲೆ ತೋರಿಸಿತೆನ್ನಿ. ಈ ತಿದ್ದಿಕೆಗೆ ಫ್ಯೂಯಲ್ ಟ್ರಿಮ್ ಎಂದು ಹೆಸರು. ಹಾಗಾದರೆ ಕೋಷ್ಟಕವನ್ನೇ ಅಷ್ಟು ಏರಿಸಿಬಿಡೋಣವೆಂದು ಆತುರಗಾರನು ಹೊರಡುತ್ತಾನೆ. ನಾವಾದರೋ ದಾಖಲೆಯ ಮುಂದಿನ ಸಾಲುಗಳನ್ನೂ ಓದೋಣ. 2,500 ಸುತ್ತಿನ ವೇಗದಲ್ಲಿ ಅದೇ ತಿದ್ದಿಕೆ ನೂರಕ್ಕೆ 4ಕ್ಕೆ ಇಳಿದಿದೆ. ಇದರ ಅರ್ಥವೇನು? ಗಾಳಿಯನ್ನಳೆಯುವ ಸೆನ್ಸರಿನಿಂದಾಚೆ ರಬ್ಬರು ಕೊಳವೆಯಲ್ಲೆಲ್ಲೋ ಬಿರುಕು ಬಿಟ್ಟಿರಬೇಕು. ಅಳತೆಗೆ ಸಿಗದ ಗಾಳಿ ಅಲ್ಲಿಂದ ನುಸುಳುತ್ತಿರಬೇಕು. ಎಂಜಿನು ಸ್ವಲ್ಪವೇ ಗಾಳಿಯನ್ನು ಸೇದುವಾಗ ಈ ಕಳ್ಳಗಾಳಿಯ ಪಾಲು ದೊಡ್ಡದು; ಹೆಚ್ಚು ಸೇದುವಾಗ ಅದು ಅಲ್ಪ. ಕೋಷ್ಟಕವನ್ನು ಮುಟ್ಟಿದ್ದರೆ ಬಿರುಕು ಹಾಗೆಯೇ ಉಳಿದು, ದಾಖಲೆಯಿಂದ ಅದರ ಸುಳಿವು ಮಾತ್ರ ಅಳಿಸಿಹೋಗುತ್ತಿತ್ತು. ತಿದ್ದಿಕೆ ಇದಕ್ಕೆ ವಿರುದ್ಧವಾಗಿ ಹೊರೆ ಹೆಚ್ಚಿದಂತೆಲ್ಲ ಏರುತ್ತಿದ್ದರೆ, ಪೆಟ್ರೋಲ್ ಪಂಪು ಸೋತಿದೆಯೇ, ಫಿಲ್ಟರು ಕಟ್ಟಿದೆಯೇ ಎಂದು ಮೊದಲು ಪರೀಕ್ಷಿಸಬೇಕು.

ದಾಖಲೆಗೂ ಮಿತಿಯುಂಟು. ನಿಮಿಷಕ್ಕೆ 3,000 ಸುತ್ತು ತಿರುಗುವ ಎಂಜಿನಿನ ಒಂದೊಂದು ಸಿಲಿಂಡರಿನಲ್ಲಿಯೂ ಸೆಕೆಂಡಿಗೆ 25 ಸಲ ದಹನ ನಡೆಯುತ್ತದೆ. ಅರ್ಧ ಸೆಕೆಂಡಿಗೊಮ್ಮೆ ಅಂಕಿಯನ್ನು ಬರೆದುಕೊಂಡರೆ ನಡುವೆ 12 ದಹನಗಳು ಕಾಣದೆ ಜಾರಿಹೋಗುತ್ತವೆ. ಮಿಶ್ರಣವು ಕಿಡಿಯ ಜ್ವಾಲೆಗೆ ಕಾಯದೆ ತಾನಾಗಿ ಸಿಡಿಯುವ 'ನಾಕಿಂಗ್' ಅವುಗಳ ನಡುವೆಯೇ ಅಡಗಿರಬಹುದು. ಪಿಸ್ಟನ್ನನ್ನು ಮುರಿಯುವುದು ಇದೇ. ಸಾಮಾನ್ಯ ಆಮ್ಲಜನಕ ಸೆನ್ಸರಿನ ಮಾತೂ ಅಷ್ಟೇ: ಪೆಟ್ರೋಲು ಹೆಚ್ಚಾಯಿತೋ ಕಡಮೆಯಾಯಿತೋ ಎನ್ನುವುದು ಅದಕ್ಕೆ ಗೊತ್ತು, ಎಷ್ಟು ಎನ್ನುವುದು ಗೊತ್ತಾಗದು. ಎಂಜಿನನ್ನು ಪೂರ್ಣಶಕ್ತಿಯಲ್ಲಿ ದುಡಿಸುವಾಗ ಅದನ್ನು ನಂಬಿ ಕೋಷ್ಟಕವನ್ನು ಬದಲಿಸುವುದು ಶುದ್ಧ ಸಾಹಸವೇ ಸರಿ. ಅದಕ್ಕೆ 'ವೈಡ್‌ಬ್ಯಾಂಡ್' ಸೆನ್ಸರು ಬೇಕು.

ಟರ್ಬೊ ಯಂತ್ರವನ್ನೋ ದೊಡ್ಡ ಇಂಜೆಕ್ಟರುಗಳನ್ನೋ ಜೋಡಿಸಿದಾಗ ಟ್ಯೂನಿಂಗ್ ಅನಿವಾರ್ಯ. ಹಳೆಯ ಕೋಷ್ಟಕಕ್ಕೆ ಹೊಸ ಅಂಗಗಳ ಪರಿಚಯವಿರುವುದಿಲ್ಲ. ಆಗಲೂ ಬಲ್ಲವರು ಒಂದು ಸಲಕ್ಕೆ ಒಂದೇ ಅಂಕಿಯನ್ನು ತುಸುವೇ ಬದಲಿಸಿ, ಅದೇ ಗೇರಿನಲ್ಲಿ ಅದೇ ಹೊರೆಯಲ್ಲಿ ಎಂಜಿನನ್ನು ಮತ್ತೆ ಓಡಿಸಿ, ಹೊಸ ದಾಖಲೆಯನ್ನು ಹಳೆಯದರ ಪಕ್ಕದಲ್ಲಿಟ್ಟು ಸಾಲುಸಾಲಾಗಿ ಹೋಲಿಸುತ್ತಾರೆ.