ಪಿಎಂ ಸ್ವನಿಧಿ: ಬಿಕ್ಕಟ್ಟಿನಲ್ಲಿ ಬೀದಿ ವ್ಯಾಪಾರ ಮತ್ತು ನಗರ ಸ್ಥಳೀಯ ಸಂಸ್ಥೆ

ಕೋವಿಡ್ ಲಾಕ್‌ಡೌನ್‌ನಲ್ಲಿ ಮೊದಲು ನಿಂತದ್ದು ತಳ್ಳುಗಾಡಿಗಳು. ಉಳಿದಿದ್ದ ಬಂಡವಾಳವೂ ಮನೆಖರ್ಚಿಗೆ ಕರಗಿತು. ಬೀದಿ ವ್ಯಾಪಾರಿಗಳಿಗಾಗಿ ಕೇಂದ್ರದ ವಸತಿ ಮತ್ತು ನಗರ ವ್ಯವಹಾರಗಳ ಸಚಿವಾಲಯ 2020ರ ಜೂನ್ 1ರಂದು ಪಿಎಂ ಸ್ವನಿಧಿ ಸಾಲ ಯೋಜನೆ ಆರಂಭಿಸಿತು. ಅಡಮಾನವಿಲ್ಲದೆ ಮೊದಲ ಕಂತಿನಲ್ಲಿ ₹10,000 ಸಾಲ, ಅವಧಿ 1 ವರ್ಷ. ಸಕಾಲಕ್ಕೆ ತೀರಿಸಿದರೆ ಶೇ 7 ಬಡ್ಡಿ ಸಹಾಯಧನ. ಮುಂದಿನ ಕಂತುಗಳು ₹20,000 ಮತ್ತು ₹50,000. 2025ರ ಪರಿಷ್ಕರಣೆಯಲ್ಲಿ ಮೊದಲೆರಡು ಕಂತು ₹15,000 ಮತ್ತು ₹25,000ಕ್ಕೆ ಏರಿವೆ. ಹಳೆಯ ಪುಸ್ತಕ ಓದುವವರು ಇದನ್ನು ತಿದ್ದಿಕೊಳ್ಳಬೇಕು.

ಪರೀಕ್ಷೆಯ ಅಭ್ಯರ್ಥಿಗಳು ಸಾಲದ ಮೊತ್ತ ಬಾಯಿಪಾಠ ಮಾಡಿ, ಸ್ಥಳೀಯ ಸಂಸ್ಥೆಯ ಪಾತ್ರವನ್ನು ಬಿಟ್ಟುಬಿಡುತ್ತಾರೆ. ವಿಷಯದ ತಿರುಳು ಅಲ್ಲೇ ಇದೆ. ಸಾಲ ಕೊಡುವುದು ಬ್ಯಾಂಕಾದರೂ ವ್ಯಾಪಾರಿಯನ್ನು ಗುರುತಿಸುವುದು ನಗರಸಭೆ, ಪಾಲಿಕೆಗಳು. 2014ರ ಬೀದಿ ವ್ಯಾಪಾರಿಗಳ ಕಾಯ್ದೆಯಂತೆ 5 ವರ್ಷಕ್ಕೊಮ್ಮೆಯಾದರೂ ಸಮೀಕ್ಷೆ ನಡೆಯಬೇಕು, ಮಾರಾಟ ಪ್ರಮಾಣಪತ್ರ ನೀಡಬೇಕು. ಸಮೀಕ್ಷೆಯಲ್ಲಿ ಹೆಸರು ಬಿಟ್ಟುಹೋದವರಿಗೆ ಸ್ವನಿಧಿಯಲ್ಲಿ ಶಿಫಾರಸು ಪತ್ರದ ದಾರಿ ಇದೆ. ಪತ್ರವಿಲ್ಲದಿದ್ದರೆ ಹತ್ತಾರು ವರ್ಷ ಹೂ ಮಾರಿದವರೂ ಬ್ಯಾಂಕಿನ ಲೆಕ್ಕಕ್ಕೆ ಅಪರಿಚಿತರೇ. ಹಾಗಾಗಿ ಸಮೀಕ್ಷೆಯಲ್ಲಿನ ಉದಾಸೀನವನ್ನು ಸಣ್ಣ ಲೋಪವೆನ್ನಲಾಗದು.

ಇದೇ ಕಾಯ್ದೆಯಡಿ ರಚಿಸುವ ಪಟ್ಟಣ ಮಾರಾಟ ಸಮಿತಿಯಲ್ಲಿ ಕನಿಷ್ಠ ಶೇ 40 ಸದಸ್ಯರು ವ್ಯಾಪಾರಿಗಳಿಂದಲೇ ಆಯ್ಕೆಯಾಗಬೇಕು. ಅವರಲ್ಲಿ ಮೂರನೇ ಒಂದು ಭಾಗ ಮಹಿಳೆಯರು.

ಸಂವಿಧಾನದ ನಂಟು: 74ನೇ ತಿದ್ದುಪಡಿ, 243-ಡಬ್ಲ್ಯು ವಿಧಿ, 12ನೇ ಅನುಸೂಚಿ. ಅದರ 18 ವಿಷಯಗಳಲ್ಲಿ 3ನೆಯದು ಆರ್ಥಿಕ ಮತ್ತು ಸಾಮಾಜಿಕ ಅಭಿವೃದ್ಧಿಯ ಯೋಜನೆ, 11ನೆಯದು ನಗರ ಬಡತನ ನಿವಾರಣೆ. ಸ್ವನಿಧಿಯಂತೆ ಈ ತಿದ್ದುಪಡಿ ಜಾರಿಯಾದದ್ದೂ ಜೂನ್ 1ರಂದೇ, 1993ರಲ್ಲಿ.